ಬೋರ್ಡ್ ಮೇಲೆ ‘ನೀರಿಲ್ಲ’ ಅಂತ ಬರೆಸೋಕೆ ಕಿಕ್ಯಾಡ್‌ನ ಸೋರ್ಸಿಂದ ಕಟ್ಟಿದ ಕತೆ

ನಮ್ಮ ಚಿಕ್ಕಪ್ಪನ ತೋಟ ತಿಪಟೂರಿನ ಹತ್ರ. ತೆಂಗು, ಬೋರ್‌ವೆಲ್, ಸಬ್‌ಮರ್ಸಿಬಲ್ ಮೋಟರ್. ತ್ರೀ ಫೇಸ್ ಕರೆಂಟು ಬರೋದು ಹೆಚ್ಚಾಗಿ ರಾತ್ರಿ ಹೊತ್ತು, ಅದಕ್ಕೆ ಎಲ್ಲರ ಹಾಗೆ ಇವ್ರೂ ಆಟೋ ಸ್ಟಾರ್ಟರ್ ಹಾಕ್ಸಿ ಮಲಗಿಬಿಡ್ತಾರೆ, ಕರೆಂಟ್ ಬಂದ್ರೆ ಮೋಟರ್ ತಾನಾಗೇ ಆನ್ ಆಗತ್ತೆ. ತೊಂದ್ರೆ ಏನಂದ್ರೆ ಬೇಸಿಗೆಲಿ ಬೋರಲ್ಲಿ ನೀರು ಕೆಳಗಿಳಿದಾಗ ಮೋಟರ್ ಒಣಗಿದ್ದೇ ಓಡತ್ತೆ, ಬೆಳಗ್ಗೆ ಎದ್ದು ನೋಡಿದ್ರೆ ವೈಂಡಿಂಗ್ ಸುಟ್ಟಿರತ್ತೆ. ಎರಡು ವರ್ಷದಲ್ಲಿ ಎರಡು ಸಲ ರೀವೈಂಡಿಂಗ್ ಆಯ್ತು. ಎರಡನೇ ಸಲ ಚಿಕ್ಕಪ್ಪ ಫೋನ್ ಮಾಡಿ “ನೀನು ಅಷ್ಟು ಓದಿದೀಯಲ್ಲೋ, ನೀರಿಲ್ದಾಗ ಮೋಟ್ರು ನಿಲ್ಸೋ ಒಂದು ಡಬ್ಬಿ ಮಾಡ್ಕೊಡೋಕಾಗಲ್ವಾ” ಅಂದ್ರು. ಹಿಂಗೆ ಕೇಳಿದ್ಮೇಲೆ ಇಲ್ಲ ಅನ್ನೋಕಾಗತ್ತಾ.

ಡಬ್ಬಿ ದೊಡ್ಡ ವಿದ್ಯೆ ಏನಲ್ಲ. ನೀರಿಲ್ದೆ ಓಡೋ ಪಂಪಿನ ಮೇಲೆ ಲೋಡ್ ಇರಲ್ಲ, ಹಂಗಾಗಿ ಅದು ಎಳೆಯೋ ಆಂಪ್ಸ್ ಕಮ್ಮಿ ಆಗತ್ತೆ. ಒಂದು ಫೇಸಿಗೆ ಆಂಪ್ಸ್ ಅಳೆಯೋ ಸಣ್ಣ ಕರೆಂಟ್ ಟ್ರಾನ್ಸ್‌ಫಾರ್ಮರ್ ತೂರಿಸಿ, ಆಂಪ್ಸ್ ಬಿದ್ದಿದೆ ಅಂತ ಗೊತ್ತಾದ್ರೆ ಸ್ಟಾರ್ಟರಿನ ನೋ ವೋಲ್ಟ್ ಕಾಯಿಲ್ (ಸ್ಟಾರ್ಟರನ್ನ ಆನಲ್ಲಿ ಹಿಡಿದಿಡೋ ಕಾಯಿಲ್) ಲೈನಲ್ಲಿರೋ ರಿಲೇ ಬಿಡಿಸಿಬಿಡೋದು, ಅಷ್ಟೇ. ಸರ್ಕ್ಯೂಟ್ ಬರೆದವನು ಮೈಸೂರಿನ ಗೆಳೆಯ, ಬೋರ್ಡ್ ಲೇಔಟ್ ನಂದು ಅಂತ ಮಾತಾಯ್ತು. ಇಬ್ರೂ ಬಳಸೋದು ಕಿಕ್ಯಾಡ್, ಸರ್ಕ್ಯೂಟ್ ಬರೆದು ಬೋರ್ಡ್ ವಿನ್ಯಾಸ ಮಾಡೋ ಉಚಿತ ಸಾಫ್ಟ್‌ವೇರು. ನಾನು ಹಾಕಿದ ಷರತ್ತು ಒಂದೇ, ಬೋರ್ಡ್ ಮೇಲಿನ ಅಕ್ಷರ ಎಲ್ಲಾ ಕನ್ನಡದಲ್ಲಿರಬೇಕು. ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡ್ಕೊಂಡು ಪಂಪ್‌ಹೌಸಿಗೆ ಹೋಗೋ ಮನುಷ್ಯ ಕೆಂಪು ದೀಪದ ಪಕ್ಕ ‘ನೀರಿಲ್ಲ’ ಅಂತ ಓದ್ಬೇಕು, ಇಂಗ್ಲಿಷ್ ಫಾಲ್ಟ್ ಕೋಡ್ ಅಲ್ಲ.

ಇಲ್ಲಿಂದ ಶುರುವಾಯ್ತು ತಲೆನೋವು. ನನ್ನ ಲ್ಯಾಪ್‌ಟಾಪ್ ಹಳೇದು, 4 ಕೋರ್, 8 ಜಿಬಿ ರ್‍ಯಾಮ್, ಡೆಬಿಯನ್ 12. ಡೆಬಿಯನ್ ಅಂದ್ರೆ ಒಂದು ಲಿನಕ್ಸ್. ಡೆಬಿಯನ್ 12ರ ರೆಪೋದಲ್ಲಿ (ಅದರ ಸಾಫ್ಟ್‌ವೇರ್ ಉಗ್ರಾಣದಲ್ಲಿ) ಬರೋ ಕಿಕ್ಯಾಡ್ 6.0.11. ಗೆಳೆಯನ ಹತ್ರ ಇದ್ದಿದ್ದು 8. ಅವನ ಫೈಲ್ ತೆಗೆಯೋಕೆ ಹೋದ್ರೆ ಇದು ಹೊಸ ವರ್ಷನ್ನಲ್ಲಿ ಮಾಡಿದ್ದು, ನನ್ನ ಕೈಲಾಗಲ್ಲ ಅಂತ ಡೈಲಾಗ್ ಬಾಕ್ಸ್. ಕಿಕ್ಯಾಡ್ ಫೈಲ್ ಬರೀ ಟೆಕ್ಸ್ಟು, ಎಡಿಟರಲ್ಲಿ ತೆಗೆದ್ರೆ ತಲೆಯಲ್ಲೇ ವರ್ಷನ್ ನಂಬರ್ ಇರತ್ತೆ, ಅದು ತಾರೀಖಿನ ರೂಪದಲ್ಲಿ, 8ರ ಬೋರ್ಡ್ ಫೈಲಲ್ಲಿ 20240108, 6ರದ್ದಾದ್ರೆ 20211014. ಜಾಣತನ ಮಾಡಿ ನಂಬರ್ ಮಾತ್ರ ಹಳೇದಕ್ಕೆ ತಿದ್ದಿ ತೆಗೆಯೋಕೆ ನೋಡ್ದೆ. ಮೊದಲ ಸಾಲುಗಳಲ್ಲೇ ಮುಗ್ಗರಿಸಿ ಬಿತ್ತು. 8ರಲ್ಲಿ ಒಳಗಿನ ಪದಗಳೇ ಬದಲಾಗಿವೆ, ಮೊದಲು ಟಿಸ್ಟ್ಯಾಂಪ್ ಅಂತಿದ್ದ ಕಡೆ ಈಗ ಯುಯುಐಡಿ, ಫೈಲ್ ಓದೋ ಹಳೇ ಪಾರ್ಸರಿಗೆ ಅದೆಲ್ಲಾ ಅರ್ಥ ಆಗಲ್ಲ. ಅಂಗಡಿ ಬೋರ್ಡ್ ಬದಲಾಯ್ಸಿದ ಮಾತ್ರಕ್ಕೆ ಒಳಗಿನ ಸಾಮಾನು ಬದಲಾಗತ್ತಾ.

ಇನ್ನೊಂದು ವಿಷಯ, ಇದು ನನಗೆ ಮುಖ್ಯ. 6ರಲ್ಲಿ ಅಕ್ಷರ ಬರೆಯೋಕೆ ಇದ್ದಿದ್ದು ಕಿಕ್ಯಾಡಿನದ್ದೇ ಗೀಟು ಫಾಂಟ್ ಒಂದೇ, ಅದರಲ್ಲಿ ಕನ್ನಡ ಬರಲ್ಲ. 7ರಿಂದ ನಮ್ಮ ಸಿಸ್ಟಮ್ಮಲ್ಲಿರೋ ಫಾಂಟನ್ನ ಸಿಲ್ಕ್‌ಸ್ಕ್ರೀನ್ (ಬೋರ್ಡ್ ಮೇಲೆ ಅಚ್ಚಾಗೋ ಅಕ್ಷರದ ಪದರ) ಮೇಲೆ ಹಾಕ್ಬಹುದು. ಆದ್ರೆ ಫಾಂಟ್ ಇದ್ರೆ ಸಾಲ್ದು ಅಂತ ಕನ್ನಡದವರಿಗೆ ಹೇಳ್ಕೊಡಬೇಕಾ, ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಂತಿರೋ ಎಷ್ಟು ಬ್ಯಾನರ್ ನೋಡಿದೀವಿ. ಅದಕ್ಕೆ ಮೊದಲು ಕಿಕ್ಯಾಡಿನ ಸೋರ್ಸ್, ಅಂದ್ರೆ ಮೂಲ ಕೋಡ್ ತೆಗೆದು ನೋಡ್ದೆ, ಕಾಮನ್ ಫೋಲ್ಡರಿನ ಒಳಗೆ ಫಾಂಟ್ ಅಂತ ಒಂದು ಫೋಲ್ಡರ್, ಅದರಲ್ಲಿ ಔಟ್‌ಲೈನ್ ಫಾಂಟ್ ಅನ್ನೋ ಫೈಲ್. ಹುಡುಕಿದ್ರೆ ಹಾರ್ಫ್‌ಬಝ್ ಕರೆಯೋ ಸಾಲು ಸಿಕ್ತು! ಅಕ್ಷರಗಳನ್ನ ಸೇರಿಸಿ ಒತ್ತು, ಗುಡಿಸು, ಕೊಂಬು ಎಲ್ಲಾ ಜಾಗದಲ್ಲಿ ಕೂರಿಸೋ ಲೈಬ್ರರಿ ಅದೇ. ಸರಿ, ಇದು ಆಗೋ ಕೆಲಸ ಅಂತ ಧೈರ್ಯ ಬಂತು.

ಈಗ ಯಾರಾದ್ರೂ ಕೇಳ್ತೀರ, ಫ್ಲಾಟ್‌ಪ್ಯಾಕ್ (ಕಟ್ಟಿ ರೆಡಿ ಇರೋ ಪ್ಯಾಕೇಜು) ಹಾಕ್ಕೊಂಡಿದ್ರೆ ಮುಗೀತಿತ್ತಲ್ಲ ಅಂತ. ಹೌದು, ಮುಗೀತಿತ್ತು. ನಿಮಗೆ ಬರೀ ಬೋರ್ಡ್ ಬೇಕಂದ್ರೆ ಅದನ್ನೇ ಮಾಡಿ, ಮುಂದಕ್ಕೆ ಓದೋದೂ ಬೇಡ. ನನಗೆ ಆ ಫೈಲ್ ತೆಗೆದು ನೋಡಿದ ಮೇಲೆ ಕೈ ಸುಮ್ನಿರಲಿಲ್ಲ ಅಷ್ಟೇ, ಜೊತೆಗೆ ಶನಿವಾರ, ಹೊರಗೆ ಮಳೆ.

ಸೋರ್ಸನ್ನ ಹಳೇ ಬದಲಾವಣೆಗಳ ಪೂರ್ತಿ ಹಿಸ್ಟರಿ ಸಮೇತ ಇಳಿಸೋಕೆ ನನ್ನ ಮೊಬೈಲ್ ಹಾಟ್‌ಸ್ಪಾಟಿಗೆ ತಾಕತ್ತಿಲ್ಲ, ಗಿಟ್‌ಲ್ಯಾಬಿಂದ 8.0 ಬ್ರಾಂಚ್ ಮಾತ್ರ, ಡೆಪ್ತ್ 1, ಅಂದ್ರೆ ಕೊನೇ ರೂಪ ಒಂದೇ ಸಾಕು ಅಂತ ಕೊಟ್ಟು ಇಳಿಸ್ದೆ. ಆಮೇಲೆ ಡಿಪೆಂಡೆನ್ಸಿ, ಅಂದ್ರೆ ಇದನ್ನ ಕಟ್ಟೋಕೆ ಬೇಕಾದ ಬೇರೆ ಲೈಬ್ರರಿ, ಟೂಲುಗಳು. ಒಂದೊಂದೇ ಹೆಸರು ಹುಡುಕೋ ಬದಲು ಡೆಬಿಯನ್ನಲ್ಲಿ ಒಂದು ಸುಲಭದ ದಾರಿ ಇದೆ, ಆಪ್ಟ್ ಬಿಲ್ಡ್ ಡೆಪ್ ಅಂತ, ರೆಪೋದಲ್ಲಿರೋ ಪ್ಯಾಕೇಜನ್ನ ಕಟ್ಟೋಕೆ ಏನೇನು ಬೇಕೋ ಎಲ್ಲಾ ಒಟ್ಟಿಗೆ ಹಾಕತ್ತೆ. ನನ್ನ ಸೋರ್ಸಸ್ ಲಿಸ್ಟಲ್ಲಿ ಡೆಬ್ ಎಸ್‌ಆರ್‌ಸಿ ಸಾಲುಗಳ ಮುಂದೆ ಹ್ಯಾಶ್ ಇತ್ತು, ಅಂದ್ರೆ ಅವು ಬಂದ್ ಆಗಿದ್ವು, ಅದನ್ನ ತೆಗೆದು ಅಪ್‌ಡೇಟ್ ಮಾಡಿ ಮತ್ತೆ ಕೊಟ್ಟೆ. ಡಬ್ಲ್ಯುಎಕ್ಸ್ ವಿಜೆಟ್ಸ್ 3.2, ಬೂಸ್ಟ್, ಓಪನ್ ಕ್ಯಾಸ್ಕೇಡ್, ಎನ್‌ಜಿ ಸ್ಪೈಸ್, ಸ್ವಿಗ್, ಹೀಗೆ ಸಾಲಾಗಿ ಬಂದವು. ಓಪನ್ ಕ್ಯಾಸ್ಕೇಡ್ ಬೇಕಾಗೋದು 3ಡಿ ಸ್ಟೆಪ್ ಫೈಲುಗಳಿಗೆ, ಎನ್‌ಜಿ ಸ್ಪೈಸ್ ಸಿಮ್ಯುಲೇಶನ್ನಿಗೆ.

ಆದ್ರೆ ಅದು 6ಕ್ಕೆ ಬೇಕಾದ ಪಟ್ಟಿ, ನಾನು ಕಟ್ತಿರೋದು 8. ಕಟ್ಟೋಕೆ ಬೇಕಾದ್ದೆಲ್ಲಾ ಇದೆಯಾ ಅಂತ ನೋಡಿ ತಯಾರಿ ಮಾಡೋ ಸಿಮೇಕ್ ಕೊಟ್ರೆ ಮೊದಲು ಓಡಿಬಿಸಿ ಇಲ್ಲ ಅಂತ ನಿಂತ್ಕೊಳ್ತು. ಬೋರ್ಡ್ ಬರೆಯೋ ಸಾಫ್ಟ್‌ವೇರಿಗೆ ಡೇಟಾಬೇಸ್ ಡ್ರೈವರ್ ಯಾಕಪ್ಪಾ ಅನ್ನಿಸ್ತು, ನೋಡಿದ್ರೆ 7ರಲ್ಲಿ ಕಂಪನಿಗಳ ಬಿಡಿಭಾಗದ ಪಟ್ಟಿಯನ್ನ ಡೇಟಾಬೇಸಿಂದ ನೇರ ಎಳೆಯೋ ಸೌಲಭ್ಯ ಸೇರಿಸಿದ್ದಾರೆ. ಯುನಿಕ್ಸ್ ಓಡಿಬಿಸಿಯ ಡೆವ್ ಪ್ಯಾಕೇಜ್ ಹಾಕ್ದೆ. ಆಮೇಲೆ ಲಿಬ್‌ಗಿಟ್2 ಇಲ್ಲ ಅಂತು, 8ರಲ್ಲಿ ಪ್ರಾಜೆಕ್ಟ್ ವಿಂಡೋ ಒಳಗೇ ಗಿಟ್ (ಫೈಲುಗಳ ಬದಲಾವಣೆ ಲೆಕ್ಕ ಇಡೋ ಟೂಲ್) ಬಂದಿದೆ. ಹಾಕ್ದೆ. ಆಮೇಲೆ ಲಿಬ್‌ಸೀಕ್ರೆಟ್. ಅದನ್ನೂ ಹಾಕ್ದೆ. ಪ್ರತಿ ಸಲ ಒಂದೇ ಒಂದು ಕೇಳತ್ತೆ, ಎಲ್ಲಾ ಒಟ್ಟಿಗೆ ಹೇಳಲ್ಲ, ಅಂಗಡಿಗೆ ಕಳಿಸಿದ ಮೇಲೆ ನೆನಪು ಮಾಡ್ಕೊಂಡು ಇನ್ನೊಂದು ಸಾಮಾನು ಹೇಳೋ ಮನೆಯವರ ಹಾಗೆ.

ಸಿಮೇಕ್ ಕೊನೆಗೆ ಪಾಸಾಯ್ತು. ಪ್ರೊಸೆಸರಲ್ಲಿ 8 ಥ್ರೆಡ್ ಇದೆಯಲ್ಲ ಅಂತ, ಕಟ್ಟೋ ಕೆಲಸ ಮಾಡೋ ಮೇಕ್‌ಗೆ ಜೆ 8 (ಎಂಟು ಕೆಲಸ ಒಟ್ಟಿಗೆ ಮಾಡು ಅಂತ) ಕೊಟ್ಟು ಊಟಕ್ಕೆ ಹೋದೆ.

ಊಟ ಮುಗಿಸಿ ಬಂದ್ರೆ ಮೌಸ್ ಅಲ್ಲಾಡ್ತಿಲ್ಲ. ಫ್ಯಾನ್ ಮಾತ್ರ ಜೆಟ್ ಥರ ಕಿರುಚ್ತಿದೆ, ಹಾರ್ಡ್ ಡಿಸ್ಕ್ ಲೈಟು ಆರ್ತಾನೇ ಇಲ್ಲ. ಹತ್ತು ನಿಮಿಷ ಕಾದ್ಮೇಲೆ ಜೀವ ಬಂತು, ಟರ್ಮಿನಲ್ ನೋಡಿದ್ರೆ 61 ಪರ್ಸೆಂಟಲ್ಲಿ ನಿಂತಿದೆ, ಕೆಂಪಲ್ಲಿ ಫೇಟಲ್ ಎರರ್, ಕಿಲ್ಡ್ ಸಿಗ್ನಲ್. ಕಂಪೈಲರನ್ನ ಯಾರೋ ಕೊಂದಿದ್ದಾರೆ. ಕೋಡಲ್ಲಿ ತಪ್ಪಿದ್ರೆ ಫೈಲ್ ಹೆಸರು, ಸಾಲಿನ ನಂಬರ್ ಬರತ್ತೆ, ಕಿಲ್ಡ್ ಅಂತ ಮಾತ್ರ ಬಂದ್ರೆ ಮುಕ್ಕಾಲು ಪಾಲು ಮೆಮರಿ ಸಾಲದೆ ಕರ್ನಲ್ಲೇ ಕತ್ತು ಹಿಸುಕಿದೆ ಅಂತ ಅರ್ಥ. ಖಚಿತ ಮಾಡ್ಕೊಳೋಕೆ ಕರ್ನಲ್ ಬರೆದಿಟ್ಟಿದ್ದನ್ನ ತೋರಿಸೋ ಡಿಮೆಸೇಜ್ ಕೊಟ್ಟೆ, ಪರ್ಮಿಶನ್ ಇಲ್ಲ ಅಂತು, ಡೆಬಿಯನ್ನಲ್ಲಿ ಅದಕ್ಕೂ ರೂಟ್ (ಅಡ್ಮಿನ್ ಅಧಿಕಾರ) ಬೇಕು, ರೂಟಾಗಿ ನೋಡಿದ್ರೆ ಔಟ್ ಆಫ್ ಮೆಮರಿ ಅಂತ ಸ್ಪಷ್ಟವಾಗಿ ಬರ್ದಿದೆ.

ಸಿ ಪ್ಲಸ್ ಪ್ಲಸ್ ಕಂಪೈಲರ್ ಒಂದೊಂದು ಫೈಲಿಗೂ ಆರಾಮಾಗಿ ನೂರಾರು ಎಂಬಿ ತಿನ್ನತ್ತೆ, ಕೆಲವಕ್ಕೆ ಜಿಬಿ ಮೇಲೆ. ಎಂಟು ಒಟ್ಟಿಗೆ ಓಡಿಸಿದ್ರೆ ಎಂಟು ಜನ ಒಂದೇ ತಟ್ಟೇಲಿ ಊಟಕ್ಕೆ ಕೂತ ಹಾಗೆ. ಎಲ್ಲಕ್ಕಿಂತ ರಾಕ್ಷಸ ಅಂದ್ರೆ ಪಿಸಿಬಿನ್ಯೂ ವ್ರ್ಯಾಪ್ ಅನ್ನೋ ಫೈಲು. ಅದನ್ನ ಮನುಷ್ಯರು ಬರ್ದಿಲ್ಲ, ಪೈಥಾನಿಂದ ಬೋರ್ಡನ್ನ ಮುಟ್ಟೋ ಹಾಗೆ ಮಾಡೋಕೆ ಸ್ವಿಗ್ ಅನ್ನೋ ಟೂಲ್ ಕಟ್ಟೋ ಹೊತ್ತಲ್ಲೇ ಹುಟ್ಟಿಸೋ ಫೈಲು, ಲಕ್ಷಗಟ್ಟಲೆ ಸಾಲು, ಅದಷ್ಟೂ ಒಂದೇ ಏಟಿಗೆ ಕಂಪೈಲರ್ ಬಾಯಿಗೆ ಹೋಗತ್ತೆ. ಅದು ಓಡೋವಾಗ ಪಕ್ಕದಲ್ಲಿ ಇನ್ನೇಳು ಜನ ಇದ್ರೆ ನನ್ನಂಥ 8 ಜಿಬಿ ಮಷೀನ್ ಗತಿ ಇಷ್ಟೇ.

ರ್‍ಯಾಮ್ ಸಾಲದಾಗ ಡಿಸ್ಕನ್ನೇ ಮೆಮರಿ ಥರ ಬಳಸೋಕೆ ಸ್ವಾಪ್ ಫೈಲ್ ಮಾಡೋಣ ಅಂತ 8 ಜಿಬಿಯದ್ದು ಒಂದು ತೆಗೆದು, ಪರ್ಮಿಶನ್ 600 ಮಾಡಿ, ಎಂಕೆ ಸ್ವಾಪ್ ಕೊಟ್ರೆ ಕಮಾಂಡ್ ನಾಟ್ ಫೌಂಡ್. ನಾನು ರೂಟೇ ಆಗಿದೀನಿ, ಆದ್ರೂ ಇಲ್ಲ. ಕಾಲು ಗಂಟೆ ಇದರಲ್ಲೇ ಹೋಯ್ತು, ಕಾರಣ ಏನಂದ್ರೆ ಡೆಬಿಯನ್ನಲ್ಲಿ ರೂಟ್ ಆಗೋಕೆ ಬರೀ ಎಸ್‌ಯು ಅಂತ ಕೊಟ್ರೆ ಹಳೇ ಪಾತ್ (ಕಮಾಂಡ್ ಹುಡುಕೋ ಫೋಲ್ಡರುಗಳ ಪಟ್ಟಿ) ಹಾಗೇ ಉಳಿಯತ್ತೆ, ಎಸ್‌ಬಿನ್ ಫೋಲ್ಡರ್ ಅದರಲ್ಲಿ ಇರಲ್ಲ, ಎಸ್‌ಯು ಆದ್ಮೇಲೆ ಒಂದು ಅಡ್ಡಗೆರೆ ಹಾಕ್ಬೇಕು. ಎಷ್ಟು ವರ್ಷದಿಂದ ಲಿನಕ್ಸ್ ಬಳಸ್ತಿದೀನಿ, ಪ್ರತಿ ಸಲ ಇದಕ್ಕೇ ಬೀಳ್ತೀನಿ.

ಇಲ್ಲಿ ಇನ್ನೊಂದು ಅವಿವೇಕ ಮಾಡ್ದೆ. ಬಿಲ್ಡ್ ಫೋಲ್ಡರ್ ಎಷ್ಟಾಗಿದೆ ಅಂತ ನೋಡಿದ್ರೆ ಗಾಬರಿ ಆಗೋಷ್ಟು ಊದಿತ್ತು, ಯಾಕಂದ್ರೆ ನಾನು ಡಾಕ್ಯುಮೆಂಟಲ್ಲಿದ್ದ ಹಾಗೆ ಡಿಬಗ್ ಮಾಹಿತಿ ಸಮೇತ ಕಟ್ತಿದ್ದೆ. ಪ್ರೋಗ್ರಾಂ ಕ್ರ್ಯಾಶ್ ಆದ್ರೆ ಕಂಪ್ಲೇಂಟ್ ಕೊಡೋರಿಗೆ ಅದು ಬೇಕು, ನನಗೆ ಬೇಡ ಅಂತ ಬಿಲ್ಡ್ ಟೈಪನ್ನ ಬರೀ ರಿಲೀಸ್ ಮಾಡ್ದೆ. ಜೊತೆಗೆ ಕಿಕ್ಯಾಡ್ ಸರಿಯಿದೆಯಾ ಅಂತ ಪರೀಕ್ಷಿಸೋ ಕ್ಯೂಎ ಟೆಸ್ಟುಗಳು ಡೀಫಾಲ್ಟಾಗೇ ಆನ್ ಇರತ್ತೆ, ಅದನ್ನೂ ಆಫ್ ಮಾಡ್ದೆ, ಇದೊಂದನ್ನ ಎಲ್ಲರೂ ಮಾಡಿ, ಸುಮಾರು ಸಮಯ ಉಳಿಯತ್ತೆ. ಎಲ್ಲಾ ಸರಿ, ಆದ್ರೆ ಫ್ಲ್ಯಾಗ್ ಬದಲಾಯ್ಸಿದ್ರೆ ಅಲ್ಲೀವರೆಗೆ ಕಟ್ಟಿದ್ದೆಲ್ಲಾ ಹಾಳು, ಮೊದಲಿಂದ ಶುರು. 61 ಪರ್ಸೆಂಟ್ ನೀರಲ್ಲಿ ಹೋಮ. ಮೊದಲೇ ಯೋಚನೆ ಮಾಡಿದ್ರೆ ಜೆ 2 ಕೊಟ್ಟು ನಿಂತಲ್ಲಿಂದ ಮುಂದುವರಿಸಬಹುದಿತ್ತು, ಮೇಕ್ ಆಗಿರೋ ಫೈಲನ್ನ ಮತ್ತೆ ಮುಟ್ಟಲ್ಲ.

ಸರಿ, ಸ್ವಾಪ್ ಆನ್, ಬ್ರೌಸರ್ ಬಂದ್, ಜೆ 2. ಈ ಸಲ ನಿಧಾನಕ್ಕೆ ಹೋಯ್ತು, ಎರಡೂವರೆ ಗಂಟೆ ಮೇಲಾಯ್ತು. ಪರ್ಸೆಂಟು ಹತ್ತೋದನ್ನ ನೋಡ್ತಾ ಕೂತ್ರೆ ಹಾಲು ಉಕ್ಕೋದನ್ನ ಕಾದಂಗೆ, ನೋಡ್ತಿರೋವರೆಗೆ ಉಕ್ಕಲ್ಲ. ಕೂತ್ಕೊಂಡು ಸೋರ್ಸ್ ಫೈಲುಗಳ ತಲೆಮೇಲಿರೋ ಕಾಪಿರೈಟ್ ಸಾಲು ಓದ್ತಿದ್ದೆ. ಫೈಲ್ ಮೇಲೆ ಫೈಲ್ ಜೀನ್ ಪಿಯರ್ ಶರಾಸ್ ಅಂತ ಒಂದೇ ಹೆಸರು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಪಾಠ ಮಾಡ್ತಿದ್ದವರು, 1992ರಲ್ಲಿ ಶುರು ಮಾಡಿದ್ದು. ಆಮೇಲೆ ಸರ್ನ್ ಹೆಸರು ಬರತ್ತೆ, ಆ ದೊಡ್ಡ ಕಣಭೌತ ಪ್ರಯೋಗಾಲಯದವರು 2013ರಿಂದ ಇದಕ್ಕೆ ಕೈ ಜೋಡಿಸಿದಾರೆ, ವೈರ್ ಎಳೆಯೋವಾಗ ಪಕ್ಕದ ಟ್ರ್ಯಾಕನ್ನ ತಳ್ಳಿ ದಾರಿ ಮಾಡ್ಕೊಳ್ಳೋ ರೌಟರ್ ಇದೆಯಲ್ಲ, ಅದು ಅವರ ಕಡೆಯಿಂದ ಬಂದಿದ್ದು. ಅಲ್ಲಿ ಕಣ ಡಿಕ್ಕಿ ಹೊಡೆಸೋರು ಬರ್ದಿದ್ದು, ಇಲ್ಲಿ ಕೊಬ್ಬರಿ ಸೀಮೆಯ ಪಂಪ್‌ಹೌಸಿಗೆ.

ಪಿಸಿಬಿನ್ಯೂ ವ್ರ್ಯಾಪ್ ಬಂದಾಗ ಹುಷಾರಾಗಿ ಇನ್ನೊಂದು ಟರ್ಮಿನಲ್ಲಲ್ಲಿ ಮೆಮರಿ ನೋಡ್ತಾ ಕೂತೆ, ಸ್ವಾಪ್ ಸ್ವಲ್ಪ ಮುಟ್ತು, ದಾಟ್ತು. 100 ಪರ್ಸೆಂಟ್. ಮೇಕ್ ಇನ್‌ಸ್ಟಾಲ್ ಮಾಡಿ ಕಿಕ್ಯಾಡ್ ಅಂತ ಟೈಪ್ ಮಾಡಿದ್ರೆ, ಲಿಬ್ ಕಿಕಾಮನ್ ಅನ್ನೋ ಶೇರ್ಡ್ ಲೈಬ್ರರಿ ಸಿಗ್ತಿಲ್ಲ ಅಂತು. ಫೈಲ್ ಯೂಸರ್ ಲೋಕಲ್ ಲಿಬ್ ಒಳಗೆ ಕಣ್ಮುಂದೇನೇ ಇದೆ. ಇದಕ್ಕೆ ಗಾಬರಿ ಬೇಡ, ಹೊಸ ಲೈಬ್ರರಿ ಬಂದಿದೆ ಅಂತ ಲಿನಕ್ಸಿಗೆ ಹೇಳ್ಬೇಕು, ರೂಟಾಗಿ ಎಲ್‌ಡಿ ಕಾನ್ಫಿಗ್ ಒಂದ್ಸಲ ಓಡಿಸಿದ್ರೆ ಆಯ್ತು. ಓಡಿಸ್ದೆ, ತೆರೀತು.

ತೆರೆದ ಕೂಡ್ಲೇ ಹಳೇ ವರ್ಷನ್ ಸೆಟ್ಟಿಂಗ್ಸ್ ತರ್ಲಾ ಹೊಸದಾಗಿ ಶುರು ಮಾಡ್ಲಾ ಅಂತ ಕೇಳತ್ತೆ, ನಾನು ಹೊಸದು ಅಂದೆ, ಹಳೇ ಲೈಬ್ರರಿ ದಾರಿಗಳೆಲ್ಲಾ ಹಿಂದೆ ಬರೋದು ಬೇಡ ಅಂತ. ಸೆಟ್ಟಿಂಗ್ಸ್ ಹೋಮಿನ ಕಾನ್ಫಿಗ್ ಫೋಲ್ಡರಲ್ಲಿ 6.0, 8.0 ಅಂತ ಬೇರೆ ಬೇರೆ ಇರತ್ತೆ, ಒಂದು ಇನ್ನೊಂದನ್ನ ಕೆಡಿಸಲ್ಲ. ಸ್ಕೀಮ್ಯಾಟಿಕ್ (ಸರ್ಕ್ಯೂಟ್ ಚಿತ್ರ) ತೆಗೆದೆ, ಗೆಳೆಯ ಬರ್ದಿದ್ದೆಲ್ಲಾ ಬಂತು. ಒಂದು ರೆಸಿಸ್ಟರ್ ಸೇರಿಸೋಣ ಅಂತ ಹೋದ್ರೆ ಪಟ್ಟಿ ಖಾಲಿ. ಬಿಡಿಭಾಗಗಳ ಲೈಬ್ರರಿಗಳು ಬೇರೆ ರೆಪೋ ಅನ್ನೋದು ಮರ್ತೇ ಹೋಗಿತ್ತು. ಸಿಂಬಲ್ಸ್ ಒಂದು, ಫುಟ್‌ಪ್ರಿಂಟ್ಸ್ (ಬಿಡಿಭಾಗ ಬೋರ್ಡಲ್ಲಿ ಕೂರೋ ಜಾಗದ ಅಚ್ಚು) ಒಂದು, ಇವೆರಡನ್ನೂ ಇಳಿಸಿ ಸಿಮೇಕ್ ಮಾಡಿ ಇನ್‌ಸ್ಟಾಲ್ ಮಾಡ್ಬೇಕು, ಕಂಪೈಲ್ ಏನೂ ಇರಲ್ಲ, ಬರೀ ಕಾಪಿ. 3ಡಿ ಮಾಡೆಲ್‌ಗಳದ್ದೂ ಒಂದಿದೆ, ಅದು ಜಿಬಿಗಟ್ಟಲೆ, ಬಿಟ್ಟೆ. ಡಬ್ಬಿ ಒಳಗಿರೋ ಕೆಪ್ಯಾಸಿಟರ್ ಫೋಟೋದಲ್ಲಿ ಚೆಂದ ಕಾಣ್ಬೇಕು ಅಂತ ಚಿಕ್ಕಪ್ಪ ಏನೂ ಕೇಳಿಲ್ಲ.

ಲೇಔಟ್ ಎರಡು ಸಂಜೆ ಕೆಲಸ, ಅದರ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ರಿಲೇ ಕಾಂಟ್ಯಾಕ್ಟ್ ಕಡೆಗೂ ಉಳಿದ ಸರ್ಕ್ಯೂಟಿಗೂ ಧಾರಾಳ ಜಾಗ ಬಿಟ್ಟು, ನಡುವೆ ಬೋರ್ಡಲ್ಲೇ ಸೀಳು ಕೊಟ್ಟೆ.

ಆಮೇಲೆ ಬಂತು ನಾನು ಕಾಯ್ತಿದ್ದ ಘಳಿಗೆ. ಎಡಿಟರಲ್ಲಿ ‘ನೀರಿಲ್ಲ’ ಅಂತ ಟೈಪ್ ಮಾಡಿ, ಕಾಪಿ ಮಾಡಿ, ಕಿಕ್ಯಾಡ್ ಟೆಕ್ಸ್ಟ್ ಡಬ್ಬಿಗೆ ಪೇಸ್ಟ್ ಮಾಡಿ, ಫಾಂಟ್ ಪಟ್ಟಿಯಲ್ಲಿ ನೋಟೋ ಸ್ಯಾನ್ಸ್ ಕನ್ನಡ ಆರಿಸ್ದೆ. ಲ ಕೆಳಗೆ ಲಾವತ್ತು ಸೊಂಟಕ್ಕೆ ಅಂಟಿಕೊಂಡು ಕೂತಿತ್ತು, ನೀ ದೀರ್ಘ ಅದರ ಜಾಗದಲ್ಲಿ. ಮನೇಲಿ ಒಬ್ನೇ ಇದ್ದೆ, ಆದ್ರೂ ಜೋರಾಗಿ ‘ಆಹಾ’ ಅಂದೆ. ಬೇರೆ ಬೇರೆ ಫಾಂಟ್ ನೋಡೋಣ ಅಂತ ಗುಬ್ಬಿ, ನವಿಲು, ಲೋಹಿತ್ ಮೂರನ್ನೂ ಹಾಕ್ಕೊಂಡೆ, ಡೆಬಿಯನ್ನಲ್ಲೇ ಇವೆ. ಗುಬ್ಬಿ ಚೆಂದ, ತುಮಕೂರು ಜಿಲ್ಲೆಯವನಿಗೆ ಹೆಸರಿನ ಮೇಲೂ ಪ್ರೀತಿ, ಆದ್ರೆ ಬೋಲ್ಡ್ ಬೇಕಿತ್ತು, ಅದಕ್ಕೆ ನೋಟೋನೇ ಉಳ್ಕೊಳ್ತು.

ಬೋಲ್ಡ್ ಯಾಕೆ ಬೇಕಿತ್ತು ಅಂದ್ರೆ, ಸ್ಕ್ರೀನ್ ಮೇಲೆ ಝೂಮ್ ಮಾಡಿ ನೋಡೋದೇ ಬೇರೆ, ಬೋರ್ಡ್ ಮೇಲೆ ಬಿಳಿ ಬಣ್ಣ ಕೂರೋದೇ ಬೇರೆ. ಮೊದಲು ಇಂಗ್ಲಿಷ್ ಲೇಬಲ್‌ಗೆ ಇಡೋ ಹಾಗೆ 1 ಎಂಎಂ ಎತ್ತರ ಇಟ್ಟಿದ್ದೆ. ಗರ್ಬರ್ (ಬೋರ್ಡ್ ಮಾಡೋರಿಗೆ ಕಳಿಸೋ ಫೈಲು) ತೆಗೆದು ವ್ಯೂವರಲ್ಲಿ ಅಳತೆ ಹಿಡಿದ್ರೆ ಲಾವತ್ತಿನ ಗೆರೆ ದಪ್ಪ 0.08 ಎಂಎಂ. ಬೋರ್ಡ್ ಮಾಡಿಕೊಡೋರು ಕೇಳೋದು ಕಮ್ಮಿ ಅಂದ್ರೆ 0.15. ಅದಕ್ಕಿಂತ ಸಣ್ಣದಿದ್ರೆ ಪ್ರಿಂಟಲ್ಲಿ ಗೆರೆ ಮುರಿಯತ್ತೆ, ಇಲ್ಲ ಸೊನ್ನೆ ಒಳಗೆ ಬಣ್ಣ ತುಂಬ್ಕೊಂಡು ಚುಕ್ಕಿ ಆಗತ್ತೆ, ‘ನೀರಿಲ್ಲ’ ಹೋಗಿ ‘ನೀರಿಲ’ ಆಗತ್ತೆ. ಇಂಗ್ಲಿಷ್ ದೊಡ್ಡಕ್ಷರಕ್ಕೆ ಈ ಕಷ್ಟ ಇಲ್ಲ, ಅದೇ ಎತ್ತರದಲ್ಲಿ ನಮ್ಮ ಅಕ್ಷರ ತಲೆಕಟ್ಟು, ಗುಡಿಸು, ಒತ್ತು ಅಂತ ಮೂರು ಅಂತಸ್ತು ಕಟ್ಬೇಕು. ಬೋಲ್ಡ್ ಮಾಡಿ 2.5 ಎಂಎಂಗೆ ಏರಿಸ್ದೆ, ಒತ್ತಿನ ಗೆರೆ 0.2 ದಾಟ್ತು. ಜಾಗ ಸಾಲದೆ ‘ಮೋಟರ್ ಓಡ್ತಿದೆ’ ಅನ್ನೋದನ್ನ ‘ಮೋಟರ್’ ಮಾಡ್ದೆ, ‘ಕರೆಂಟ್ ಬಂದಿದೆ’ ಬರೀ ‘ಕರೆಂಟ್’ ಆಯ್ತು. ‘ನೀರಿಲ್ಲ’ ಮಾತ್ರ ಒಂದಕ್ಷರ ಬಿಡ್ಲಿಲ್ಲ.

ಗೆಳೆಯನ ಕಂಪ್ಯೂಟರಲ್ಲಿ ಆ ಫಾಂಟ್ ಇರಲಿಲ್ಲ, ಅವನು ತೆಗೆದ್ರೆ ಕೆಡತ್ತಾ ಅಂತ ಅನುಮಾನ ಇತ್ತು. ಫೈಲನ್ನ ಎಡಿಟರಲ್ಲಿ ತೆಗೆದು ನೋಡಿದ್ರೆ ಪ್ರತಿ ಕನ್ನಡ ಪದದ ಕೆಳಗೆ ರೆಂಡರ್ ಕ್ಯಾಶೆ ಅಂತ ಉದ್ದಕ್ಕೆ ಬಿಂದುಗಳ ಪಟ್ಟಿ, ಅಂದ್ರೆ ಅಕ್ಷರದ ಆಕಾರ ಪಾಲಿಗಾನಾಗಿ ಫೈಲ್ ಒಳಗೇ ಸೇವ್ ಆಗಿದೆ. ಅವನಿಗೂ ಸರಿಯಾಗೇ ಕಾಣ್ತು. ಪದವನ್ನ ಮಾತ್ರ ಎಡಿಟ್ ಮಾಡ್ಬೇಡ ಮಾರಾಯ, ಇಲ್ಲಾಂದ್ರೆ ನಿನ್ನ ಫಾಂಟಲ್ಲಿ ಮತ್ತೆ ಬರ್ಕೊಳತ್ತೆ ಅಂದಿದ್ದೆ.

ಬೋರ್ಡ್ ಐದು ಬಂದವು. ಹಸಿರು ಮೇಲೆ ಬಿಳಿ ಅಕ್ಷರ, ಲಾವತ್ತು ಉಗುರಲ್ಲಿ ಕೆರೆದ್ರೂ ಹೋಗದಷ್ಟು ಗಟ್ಟಿಯಾಗಿ. ಭಾನುವಾರ ತೋಟಕ್ಕೆ ಹೋಗಿ ಮೇನ್ ಆಫ್ ಮಾಡಿ ಸ್ಟಾರ್ಟರ್ ಪಕ್ಕ ಡಬ್ಬಿ ಕೂರಿಸಿದ್ವಿ. ನೀರು ತೀರೋವರೆಗೆ ಕಾಯೋಕಾಗಲ್ಲ ಅಂತ ಕರೆಂಟ್ ಟ್ರಾನ್ಸ್‌ಫಾರ್ಮರಿನ ಒಂದು ತುದಿ ಬಿಚ್ಚಿಟ್ಟು ಟೆಸ್ಟ್ ಮಾಡ್ಬಹುದಿತ್ತು, ಆದ್ರೆ ಓಡೋ ಲೈನಲ್ಲಿ ಅದರ ತುದಿ ತೆರೆದಿಡಬಾರದು, ಹೈ ವೋಲ್ಟೇಜ್ ಹುಟ್ಟತ್ತೆ, ಅದಕ್ಕೆ ಟ್ರಿಪ್ ಆಗೋ ಮಟ್ಟವನ್ನೇ ಪ್ರೀಸೆಟ್ (ತಿರುಗಿಸಿ ಮಟ್ಟ ಹೊಂದಿಸೋ ಸಣ್ಣ ರೆಸಿಸ್ಟರ್) ತಿರುಗಿಸಿ ಮೇಲಕ್ಕೆ ತಂದೆ. ಹತ್ತು ಸೆಕೆಂಡಿಗೆ ಟಕ್ ಅಂತು, ಮೋಟರ್ ನಿಂತು ಕೆಂಪು ದೀಪ ಹತ್ತಿತು. ಚಿಕ್ಕಪ್ಪ ಕನ್ನಡಕ ಹಣೆಮೇಲೆ ಏರಿಸಿ ಹತ್ರ ಬಗ್ಗಿ ಓದಿದ್ರು, “ನೀರಿಲ್ಲ”. ಆಮೇಲೆ ಬಾವಿ ಕಡೆ ನೋಡಿ “ಐತಲ್ಲೋ” ಅಂದ್ರು. ಟೆಸ್ಟು ಚಿಕ್ಕಪ್ಪ, ಟೆಸ್ಟು.

ಮತ್ತೆ ಶುರು ಮಾಡೋಕೆ ಒಂದು ಬಟನ್ ಇದೆ. ಅದರ ಪಕ್ಕ ಏನೂ ಬರ್ದಿಲ್ಲ, ಅಷ್ಟೆಲ್ಲಾ ಅಳತೆ ಹಿಡಿದವನು ಅದೊಂದನ್ನ ಮರ್ತಿದ್ದೆ. ಮುಂದಿನ ಸಲ ಸರಿ ಮಾಡ್ತೀನಿ ಅಂದೆ. ಚಿಕ್ಕಪ್ಪ ಒಳಗೆ ಹೋಗಿ ಕೊಬ್ಬರಿ ಮೂಟೆ ಮೇಲೆ ನಂಬರ್ ಬರೆಯೋ ಮಾರ್ಕರ್ ತಂದು, ಡಬ್ಬಿ ಮೇಲೆ ಬಟನ್ ಪಕ್ಕ ತಾವೇ ದಪ್ಪಗೆ ಬರೆದ್ರು, ‘ಒತ್ತು’.